ನೆಗ್ಗಿದ ಕರಡಿಗೆ

ಕುಣಿಗಲ್‌ನ ಒಂದು ಸಣ್ಣ ನರ್ಸಿಂಗ್ ಹೋಮ್. ಕಿಟಕಿ ಪಕ್ಕದ ಮಂಚದ ಮೇಲೆ ಅಡವಿಯಪ್ಪನವರು ಕಾಲು ಇಳಿಬಿಟ್ಟು ಕೂತಿದ್ದರು. ಅಪಘಾತವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ಹಣೆಯ ವಿಭೂತಿ ಅರ್ಧ ಅಳಿಸಿತ್ತು, ಅಂಗಿಯ ಮೇಲಿನ ಗುಂಡಿಗಳು ಕಿತ್ತುಹೋಗಿದ್ದವು. ಅಷ್ಟು ಬಿಟ್ಟರೆ ಚೆನ್ನಾಗಿಯೇ ಕಾಣುತ್ತಿದ್ದರು. ಸುದ್ದಿ ಕೇಳಿ ತುಮಕೂರಿನಿಂದ ಬೈಕಿನಲ್ಲಿ ಬಂದ ಮಗ ಉದಯಕುಮಾರ್ ಅಪ್ಪನ ಮುಖ ನೋಡಿದರು, ಉಸಿರಾಟ ನೋಡಿದರು. ಆಮೇಲೆ ಅವರ ಕಣ್ಣು ಅಪ್ಪನ ಎದೆಯ ಮೇಲೆ ಶಿವದಾರದಲ್ಲಿ ತೂಗುತ್ತಿದ್ದ ಬೆಳ್ಳಿ ಕರಡಿಗೆಯ ಮೇಲೆ ನಿಂತಿತು. ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಆ ಡಬ್ಬಿ ದೊಡ್ಡ ನಿಂಬೆಹಣ್ಣಿನ ಗಾತ್ರದ್ದು. ಅದರ ಒಂದು ಬದಿ ಒಳಕ್ಕೆ ಕುಸಿದಿತ್ತು. ಮುಚ್ಚಳ ಓರೆಯಾಗಿ ಕಚ್ಚಿಕೊಂಡಿತ್ತು.

ಬೆಳ್ಳಿ ಹಾಗೆ ನೆಗ್ಗಬೇಕಾದರೆ ಅದರ ಹಿಂದಿದ್ದ ಎದೆಗೆ ಎಂಥ ಪೆಟ್ಟು ಬಿದ್ದಿರಬೇಕು ಎಂದು ಉದಯಕುಮಾರ್‌ಗೆ ಅಂದಾಜು ಮಾಡಲು ಬರುತ್ತಿತ್ತು. ಅದು ಅವರ ಉದ್ಯೋಗ. ಆ ಉದ್ಯೋಗ ಏನೆಂದು ಅಪ್ಪನಿಗೆ ಗೊತ್ತಿರಲಿಲ್ಲ.

“ಬಾರೋ ಅಳಿಯ,” ಎಂದವರು ಪಕ್ಕದ ಸ್ಟೂಲಿನಲ್ಲಿದ್ದ ಮಹಾದೇವಯ್ಯ, ಉದಯಕುಮಾರ್ ಅವರ ಸೋದರಮಾವ. ಕಾರು ಓಡಿಸುತ್ತಿದ್ದವರು ಅವರೇ. ಮೂಗಿಗೆ ಹತ್ತಿ ಮೆತ್ತಿದ್ದರು. “ನಿಮ್ಮಪ್ಪನ ಎದೆ ತಗುಲಿ ನನ್ ಡ್ಯಾಶ್‌ಬೋರ್ಡು ಎರಡು ಹೋಳಾಯ್ತು. ಕೇಸ್ ಯಾರ್ ಮೇಲ್ ಹಾಕನ ಹೇಳು.”

“ಹಾಕ್ಲಾ, ಹಾಕು,” ಎಂದರು ಅಡವಿಯಪ್ಪ. “ಬ್ರೇಕ್ ಎಲ್ಲೈತೆ ಅಂತ ಗೊತ್ತಿಲ್ದೋನಿಗೆ ಲೈಸೆನ್ಸ್ ಕೊಟ್ರಲ್ಲ, ಮೊದ್ಲು ಅವ್ರ ಮೇಲ್ ಹಾಕು.” ನಗಲು ಹೋಗಿ ಪಕ್ಕೆ ಹಿಡಿದುಕೊಂಡರು.

ನೆಂಟರ ಮನೆಯಲ್ಲಿ ಮಗುವಿನ ನಾಮಕರಣ ಮುಗಿಸಿಕೊಂಡು ಇಬ್ಬರೂ ಗುಬ್ಬಿಗೆ ವಾಪಸಾಗುತ್ತಿದ್ದರು. ಹೆದ್ದಾರಿಯಲ್ಲಿ ಮುಂದಿದ್ದ ಗೂಡ್ಸ್ ಟೆಂಪೊ ಹಠಾತ್ತನೆ ನಿಂತಿತು. ಕಾರು ಅದರ ಹಿಂಭಾಗಕ್ಕೆ ನುಗ್ಗಿತು. ಅಡವಿಯಪ್ಪ ಕೂತಿದ್ದ ಕಡೆ ಏರ್‌ಬ್ಯಾಗ್ ಇಲ್ಲದ ಮಾದರಿ ಅದು. ಸೀಟ್ ಬೆಲ್ಟ್ ಇತ್ತು. ಆದರೆ ಲಿಂಗದ ಮೇಲೆ ಪಟ್ಟಿ ಬಿಗಿಯುವುದು ಅಡವಿಯಪ್ಪನವರಿಗೆ ಸರಿಬರುತ್ತಿರಲಿಲ್ಲ. ಯಾರ ಕಾರು ಹತ್ತಿದರೂ ಅವರು ಬೆಲ್ಟನ್ನು ಬೆನ್ನ ಹಿಂದಿನಿಂದ ಹಾಯಿಸಿ ಕೊಂಡಿಗೆ ಸಿಕ್ಕಿಸುತ್ತಿದ್ದರು. ಬೆಲ್ಟ್ ಹಾಕಿಲ್ಲವೆಂಬ ಕಾರಿನ ಕಿರುಚಾಟ ನಿಲ್ಲುತ್ತಿತ್ತು, ಕರಡಿಗೆಯೂ ತನ್ನ ಜಾಗದಲ್ಲಿ ಇರುತ್ತಿತ್ತು. ಅವರ ಓರಗೆಯವರಲ್ಲಿ ಹಲವರು ಹಾಗೆಯೇ ಮಾಡುತ್ತಿದ್ದರು. ಅಂದು ಡ್ಯಾಶ್‌ಬೋರ್ಡಿಗೂ ಎದೆಗೂ ನಡುವೆ ಇದ್ದದ್ದು ಕರಡಿಗೆ ಮಾತ್ರ.

ಉದಯಕುಮಾರ್ ಕೆಲಸ ಮಾಡುವುದು ತುಮಕೂರಿನ ಹೊರವಲಯದ ಒಂದು ಸಂಶೋಧನಾ ಕೇಂದ್ರದಲ್ಲಿ. ವಾಹನ ಡಿಕ್ಕಿಯಲ್ಲಿ ಮನುಷ್ಯನ ಎದೆಗೆ ಏನಾಗುತ್ತದೆ ಎಂಬುದು ಅಲ್ಲಿಯ ಒಂದು ತಂಡದ ಅಧ್ಯಯನ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ್ದ ಅವರು ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿದ್ದರು. ಅದು ಮುಚ್ಚಿದ ಮೇಲೆ ಇಲ್ಲಿ ಸೇರಿದರು. ಕಂಬಿಗಳ ಮೇಲೆ ಜಾರಿಬಂದು ಗುದ್ದುವ ಒಂದು ಕಬ್ಬಿಣದ ತೂಕವಿದೆ. ಅದನ್ನು ಸುಸ್ಥಿತಿಯಲ್ಲಿಡುವುದು ಮೊದಲು ಅವರಿಗೆ ಒಪ್ಪಿಸಿದ ಕೆಲಸ. ಆ ತೂಕ ಗುದ್ದುವುದು ಹಂದಿಯ ಎದೆಗೆ. ಹಂದಿಯ ಪಕ್ಕೆಲುಬಿನ ಗೂಡು, ಶ್ವಾಸಕೋಶ, ಹೃದಯ ಗಾತ್ರದಲ್ಲಿ ಮನುಷ್ಯನವಕ್ಕೆ ಹತ್ತಿರ. ಹಂದಿಗಳನ್ನು ನೋಡಿಕೊಳ್ಳುತ್ತಿದ್ದವನು ಕೆಲಸ ಬಿಟ್ಟು ಹೋದಾಗ ಆ ಕೆಲಸವೂ ಇವರ ಹೆಗಲಿಗೆ ಬಂತು. ಮೊಟ್ಟೆಯನ್ನೂ ಒಳಗೆ ತರದ ಮನೆಯಲ್ಲಿ ಬೆಳೆದವರು ಹಂದಿಗೂಡು ತೊಳೆಯಲು ಕಲಿತರು.

ಪ್ರಯೋಗಕ್ಕೆ ಸಮಿತಿಯ ಅನುಮತಿ ಬೇಕು, ಪಶುವೈದ್ಯರು ಇರಬೇಕು. ಪ್ರಾಣಿಗೆ ಅರಿವಳಿಕೆ ಕೊಟ್ಟ ಮೇಲೆ ಅದು ಮತ್ತೆ ಎಚ್ಚರವಾಗುವುದಿಲ್ಲ. ಪೆಟ್ಟು ಬಿದ್ದ ನಂತರ ಒಂದು ದಿನ ಅದನ್ನು ಯಂತ್ರದ ಉಸಿರಿನ ಮೇಲೆ ಇಟ್ಟು ಗಮನಿಸುತ್ತಾರೆ, ಆಮೇಲೆ ಮುಗಿಸುತ್ತಾರೆ. ಆ ಒಂದು ದಿನ ಪಕ್ಕದಲ್ಲಿ ಕೂರುವವರು ಉದಯಕುಮಾರ್. ಅವರು ಅಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ. ಪೆಟ್ಟು ಬಿದ್ದ ಕೂಡಲೇ ತೆಗೆದ ಎಕ್ಸ್‌ರೇಯಲ್ಲಿ ಶ್ವಾಸಕೋಶ ಶುಭ್ರವಾಗಿರುತ್ತದೆ. ಹೊತ್ತು ಹೋದಂತೆ ಜಜ್ಜಿದ ಭಾಗಕ್ಕೆ ರಕ್ತವೂ ನೀರೂ ತುಂಬಿ ಚಿತ್ರ ಬೆಳ್ಳಗಾಗುತ್ತದೆ. ಪರದೆಯ ಮೇಲೆ ಆಮ್ಲಜನಕದ ಅಂಕಿ ಇಳಿಯತೊಡಗುತ್ತದೆ. ಒಮ್ಮೆ ಇಳಿಯಲು ಶುರುವಾದರೆ ಅದು ಬೇಗ ಇಳಿಯುತ್ತದೆ.

ಅದೇ ಪೆಟ್ಟನ್ನು ಕಂಪ್ಯೂಟರಿನೊಳಗಿನ ಎದೆಗೆ ಕೊಡುವವರು ಹರ್ಷಿತಾ ಎಂಬ ಯುವ ಇಂಜಿನಿಯರ್. ಮೂಳೆ, ಮಾಂಸ, ಶ್ವಾಸಕೋಶವನ್ನೆಲ್ಲ ಲಕ್ಷಗಟ್ಟಲೆ ಸಣ್ಣ ತುಂಡುಗಳಾಗಿ ವಿಂಗಡಿಸಿ ಅವರು ಕಟ್ಟಿದ ಎದೆ ಅದು. ಹಂದಿಗಳ ಕೊಟ್ಟಿಗೆಯಲ್ಲಿ ಸಿಕ್ಕ ಅಂಕಿಗೂ ಪರದೆಯಲ್ಲಿ ಬಂದ ಅಂಕಿಗೂ ತಾಳೆಯಾದರೆ, ಮನುಷ್ಯನ ಎದೆಯ ಬಗ್ಗೆ ಪರದೆ ಹೇಳುವುದನ್ನು ನಂಬಬಹುದು. ನಾಳೆಯ ಬೆಲ್ಟು, ನಾಳೆಯ ಸ್ಟಿಯರಿಂಗು ಆ ಲೆಕ್ಕದ ಮೇಲೆ ತಯಾರಾಗಬೇಕು.

ಗುಬ್ಬಿಯ ಮನೆಯಲ್ಲಿ ಉದಯಕುಮಾರ್ ಹೇಳಿದ್ದು ಅರ್ಧ ಮಾತ್ರ: “ಕಂಪ್ಯೂಟರ್ ಡಿಪಾರ್ಟ್‌ಮೆಂಟು.” ಮಠದ ದಾಸೋಹದಲ್ಲಿ ವರ್ಷಗಟ್ಟಲೆ ಎಲೆ ಹಾಕಿ ಬಡಿಸಿದ ಅಡವಿಯಪ್ಪ ಅದನ್ನು ಪಂಕ್ತಿಯಲ್ಲಿ ಕೂತವರಿಗೆಲ್ಲ ಹೇಳಿಕೊಂಡು ಓಡಾಡಿದ್ದರು. ನಿಜ ಗೊತ್ತಿದ್ದದ್ದು ಮರಳೂರಿನ ಬಾಡಿಗೆ ಮನೆಯಲ್ಲಿದ್ದ ಹೆಂಡತಿ ಪ್ರೇಮಲತಾಗೆ ಮಾತ್ರ. ಉದಯಕುಮಾರ್ ತಮ್ಮ ಲಿಂಗವನ್ನು ಮಡಿಬಟ್ಟೆಯಲ್ಲಿ ಸುತ್ತಿ, ಕೆಲಸದ ಕೋಟಿನೊಳಗೆ ಕತ್ತಿನ ಹತ್ತಿರಕ್ಕೆ ಎತ್ತಿ ಕಟ್ಟಿಕೊಂಡು ಗೂಡಿಗೆ ಇಳಿಯುತ್ತಿದ್ದರು. ಸಂಜೆ ಕೇಂದ್ರದಲ್ಲೇ ಸ್ನಾನ ಮಾಡಿ ಹೊರಡುತ್ತಿದ್ದರು.

ಕುಣಿಗಲ್‌ನಲ್ಲಿ ಮೊದಲು ತೆಗೆದ ಎಕ್ಸ್‌ರೇಯಲ್ಲಿ ಎದೆಯ ನಡುವೆ ಕರಡಿಗೆಯ ಬಿಳಿ ಉಂಡೆಯೊಂದೇ ಎದ್ದು ಕಾಣುತ್ತಿತ್ತು. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದುಕೊಳ್ಳಲು ಹೇಳಿ ಇನ್ನೊಂದು ತೆಗೆಸಿದರು. ಎರಡು ಪಕ್ಕೆಲುಬು ಮುರಿದಿದ್ದವು. ಶ್ವಾಸಕೋಶ ಶುಭ್ರವಾಗಿತ್ತು.

“ಈಗ ಸರಿ ಕಾಣ್ತಿದೆ,” ಎಂದಿದ್ದರು ಡಾಕ್ಟರು. “ಆದ್ರೆ ವಯಸ್ಸಾಗಿದೆ, ಪೆಟ್ಟು ಎದೆಗೆ ಬಿದ್ದಿದೆ. ತುಮಕೂರಿಗೆ ಕರ್ಕೊಂಡು ಹೋಗಿ ಸ್ಕ್ಯಾನ್ ಮಾಡ್ಸಿ. ಎರಡು ದಿನ ಆಸ್ಪತ್ರೇಲೇ ಇರ್ಲಿ.”

ಮಗ ಬಂದ ಮೇಲೆ ಅಡವಿಯಪ್ಪ ಆ ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. “ನೋಡು, ಒಳಗೆಲ್ಲ ಕನ್ನಡಿ ಇದ್ದಂಗೈತೆ. ಎರಡ್ ಪಕ್ಕೆ ಹೋಗೈತೆ, ಕೂಡ್ಕೊತದೆ. ನನ್ ಯೋಚ್ನೆ ಅದಲ್ಲ, ಇದು.” ಕರಡಿಗೆಯನ್ನು ಎತ್ತಿ ಹಿಡಿದರು. “ಬಾಯ್ ಬಿಡ್ತಿಲ್ಲ. ಉಗುರಲ್ಲಿ ನೋಡ್ದೆ, ನಿಮ್ ಮಾವ ಕಾರ್ ಕೀಲಿ ಕೊಟ್ಟು ಮೀಟ್ದ. ಊಹೂಂ. ಗುಬ್ಬಿಗೆ ಹೋಗಿ ಬೆಳ್ಳಿ ಕೆಲ್ಸದ ಆಚಾರ್ರ ಕೈಲಿ ತೆಗೆಸ್ಬೇಕು. ಸಾಯಂಕಾಲದ ಪೂಜೆಗೆ ಮನೇಲಿರ್ಬೇಕು.”

ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಅವರು ತುತ್ತು ಬಾಯಿಗಿಡುತ್ತಿರಲಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಈಗ ಲಿಂಗ ಒಳಗೆ ಸಿಕ್ಕಿಕೊಂಡಿತ್ತು. ಉದಯಕುಮಾರ್ ಆ ಮಾತನ್ನು ಕೇಳಿಸಿಕೊಂಡರು, ಆದರೆ ಅದರ ಮೇಲೆ ನಿಲ್ಲಲಿಲ್ಲ. ಅವರ ತಲೆಯ ತುಂಬ ಶ್ವಾಸಕೋಶವಿತ್ತು.

“ಅಪ್ಪಾಜಿ, ಫಿಲಂ ಈಗ ಹಂಗೇ ಕಾಣದು. ನಾಳೆ ಹೊತ್ಗೆ ಬದಲಾಗುತ್ತೆ. ಉಸಿರು ಕಟ್ಟಕ್ಕೆ ಶುರುವಾದ್ರೆ ಮನೇಲಿ ಏನೂ ಮಾಡಕ್ಕಾಗಲ್ಲ. ತುಮಕೂರಿಗೆ ಹೋಗಣ ನಡೀರಿ.”

“ನೀನ್ ಯಾವಾಗ್ಲಾ ಡಾಕ್ಟ್ರಾದೆ?”

“ನಮ್ ಕಂಪ್ಯೂಟರ್‌ನಲ್ಲಿ ಇದ್ನೇ ನೋಡದು ಅಪ್ಪಾಜಿ. ಎದೆಗೆ ಪೆಟ್ಟು ಬಿದ್ರೆ ಏನಾಗುತ್ತೆ ಅಂತ.”

“ಕಂಪ್ಯೂಟರ್‌ಗೆ ಎದೆ ಎಲ್ಲೈತ್ಲಾ? ಗುಂಡಿ ಒತ್ತಿದ್ರೆ ಅದ್ಕೇನ್ ನೋಯ್ತದಾ?”

“ಅದು ಉಸಿರಾಡದೂ ಕರೆಂಟ್ ಇದ್ರೇನೇ ಭಾವ,” ಎಂದರು ಮಹಾದೇವಯ್ಯ.

ಉದಯಕುಮಾರ್ ಮಂಚದ ತುದಿಯಲ್ಲಿ ಕೂತು ಅಪ್ಪನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. “ಬರೀ ಕಂಪ್ಯೂಟರ್ ಅಲ್ಲ ಅಪ್ಪಾಜಿ. ಅಲ್ಲಿ ಹಂದಿ ಅವೆ.”

ಮಹಾದೇವಯ್ಯ ಇದೂ ತಮಾಷೆ ಎಂದುಕೊಂಡು ನಕ್ಕರು. “ಹಂದಿಗೂ ಕಂಪ್ಯೂಟರ್ ಕಲಿಸ್ತೀರೇನ್ಲಾ?”

“ಮಂಪರು ಕೊಟ್ಟು ಮಲಗುಸ್ತೀವಿ. ಎದೆಗೆ ಇಂಥದ್ದೇ ಪೆಟ್ಟು ಹಾಕ್ತೀವಿ. ಆಮೇಲೆ ಕಾಯ್ತೀವಿ. ಮೊದ್ಲು ಏನೂ ಆಗಿರಲ್ಲ, ಫಿಲಂ ಹಿಂಗೇ ಇರುತ್ತೆ, ಕನ್ನಡಿ ಥರ. ನಾಳೆ ಹೊತ್ಗೆ ಒಳಗೆಲ್ಲ ತುಂಬ್ಕೊಂಡಿರುತ್ತೆ. ನಾನ್ ಎಷ್ಟೊಂದ್ ನೋಡಿದೀನಿ ಅಪ್ಪಾಜಿ.”

ಮಹಾದೇವಯ್ಯನವರ ನಗು ನಿಂತಿತು.

“ಯಾರ್ ಮಾಡದು ಇದ್ನ?” ಎಂದರು ಅಡವಿಯಪ್ಪ.

“ನಾನೇ. ಸಾಕದೂ ನಾನೇ, ಪಕ್ಕದಲ್ಲಿ ಕೂರದೂ ನಾನೇ.”

“ಈ ಕೈಯಲ್ಲಿ?”

ಉದಯಕುಮಾರ್ ಹೂಂ ಎಂದರು. ಅಡವಿಯಪ್ಪ ತಮ್ಮ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡು ಕರಡಿಗೆಯ ಮೇಲೆ ಇಟ್ಟುಕೊಂಡರು.

“ಮಾದೇವ, ಯಾವ್ದಾದ್ರೂ ಒಂದ್ ಕಾರ್ ನೋಡು. ಗುಬ್ಬಿಗೆ.”

ಮಗ ಮತ್ತೆ ಮತ್ತೆ ಹೇಳುತ್ತಿದ್ದಂತೆಯೇ ಅವರು ಮಂಚದಿಂದ ಇಳಿದು ಬಾಗಿಲ ಕಡೆ ನಡೆದರು. ಕಾರು ಬಂತು. ಹತ್ತಿಸಲು ಮಗ ಕೈ ಚಾಚಿದಾಗ ಅವರು ಬಾಗಿಲು ಹಿಡಿದುಕೊಂಡು ತಾವೇ ಹತ್ತಿದರು. ಉದಯಕುಮಾರ್ ಮಾವನನ್ನು ಪಕ್ಕಕ್ಕೆ ಕರೆದು, ಉಸಿರು ಜೋರಾದರೆ, ತುಟಿ ಬಣ್ಣಗೆಟ್ಟರೆ ಒಂದು ಕ್ಷಣವೂ ಕಾಯದೆ ತುಮಕೂರಿಗೆ ತರಬೇಕೆಂದು ಹೇಳಿದರು.

“ಆಯ್ತು ಕಣೋ. ಆದ್ರೆ ಅದ್ನ ಈಗ್ಲೇ ಒದರ್ಬೇಕಿತ್ತೇನ್ಲಾ ನೀನು?” ಎಂದರು ಮಹಾದೇವಯ್ಯ. “ಡಾಕ್ಟ್ರು ಬಿಡಕಿಲ್ಲ ಅಂತ ಒಂದ್ ಸುಳ್ಳೇಳಿದ್ರೆ ನಿನ್ ಗಂಟೇನ್ ಹೋಗ್ತಿತ್ತು?”

ಕಾರು ಹೋಯಿತು. ಹಿಂದೆಯೇ ಗುಬ್ಬಿಗೆ ಹೋಗಬಹುದಿತ್ತು. ಹಂದಿ ಮುಟ್ಟಿದವನು ಆ ಮನೆಯ ಹೊಸಿಲು ದಾಟುವುದು ಅಪ್ಪನಿಗೆ ಬೇಡವಾಗಿದೆ ಎಂದು ಉದಯಕುಮಾರ್ ತಿಳಿದುಕೊಂಡರು. ಕೇಂದ್ರದಲ್ಲಿ ಅಂದು ಬೆಳಿಗ್ಗೆ ಪೆಟ್ಟು ಬಿದ್ದ ಒಂದು ಹಂದಿ ಯಂತ್ರದ ಮೇಲಿತ್ತು. ಅವರ ಬದಲಿಗೆ ಬೇರೊಬ್ಬರು ಕೂತಿದ್ದರು. ಬೈಕ್ ಕೇಂದ್ರದ ಕಡೆ ತಿರುಗಿತು.

ದೀಪ ಹಚ್ಚುವ ಹೊತ್ತಿಗೆ ಅವರು ಅಮ್ಮನಿಗೆ ಫೋನ್ ಮಾಡಿದರು. ಗಂಗಾಂಬಿಕೆಯವರ ದನಿ ಹಗುರವಾಗಿತ್ತು. “ಆಚಾರ್ರು ಬಂದು ಸಣ್ಣ ಉಳಿ ಕೊಟ್ಟು ಮುಚ್ಚಳ ಎಬ್ಬಿಸಿದ್ರು. ಲಿಂಗಕ್ಕೆ ಒಂದ್ ಗೀರೂ ಇಲ್ಲ ಕಣೋ. ಪೂಜೆ ಆಯ್ತು, ಅರ್ಧ ಮುದ್ದೆ ತಿಂದ್ರು. ಮಲಗಕ್ಕಾಗಲ್ಲ ಅಂತ ಒರಗ್ಕೊಂಡು ಕೂತವ್ರೆ. ನೀನ್ ಎಲ್ಲಿದೀಯಾ?”

“ಕೆಲಸದಲ್ಲಿದೀನಿ ಅಮ್ಮ.”

“ಬರಲ್ವಾ?”

“ನಾಳೆ ಬರ್ತೀನಿ. ಉಸಿರು ನೋಡ್ತಿರು. ಏನಾದ್ರೂ ಅನ್ಸಿದ್ರೆ ತಕ್ಷಣ ಫೋನ್ ಮಾಡು.”

ಅಮ್ಮ ಇನ್ನೇನೋ ಹೇಳಲು ಹೋಗಿ ಬಿಟ್ಟಂತಿತ್ತು. ಫೋನ್ ಇಟ್ಟರು.

ಬೆಳಕು ಹರಿಯುವಾಗ ಹಂದಿಯ ಆಮ್ಲಜನಕದ ಅಂಕಿ ಇಳಿಯಲು ಶುರುವಾಯಿತು. ಎಂದಿನಂತೆಯೇ. ಉದಯಕುಮಾರ್ ಎಂದಿನಂತೆ ಬರೆದುಕೊಂಡರು. ಎಕ್ಸ್‌ರೇ ತೆಗೆಯಲು ಸಲಕರಣೆ ಎಳೆಯುತ್ತಿದ್ದಾಗ ಫೋನ್ ಬಂತು. ಅಡವಿಯಪ್ಪನವರಿಗೆ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಗಿದೆ ಎಂದರು ಅಮ್ಮ. ಆಂಬ್ಯುಲೆನ್ಸ್ ಬರುತ್ತಿದೆ.

ತುಮಕೂರಿನ ಆಸ್ಪತ್ರೆಯ ಬಾಗಿಲಲ್ಲಿ ಅವರು ಕಾದು ನಿಂತರು. ಸ್ಟ್ರೆಚರ್ ಇಳಿದಾಗ ಅಪ್ಪನ ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹೊಸ ಎಕ್ಸ್‌ರೇಯಲ್ಲಿ ಎಡಭಾಗ ಪೂರ್ತಿ ಬೆಳ್ಳಗಿತ್ತು, ಬಲಭಾಗ ಮುಕ್ಕಾಲು. ಅದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಗಂಟಲಿಗೆ ನಳಿಕೆ ಹಾಕಿ ಯಂತ್ರಕ್ಕೆ ಸೇರಿಸಿದರು. ಉದಯಕುಮಾರ್ ಅಪ್ಪನ ಕೈ ಹಿಡಿದುಕೊಂಡರು. ಈ ಸಲ ಆ ಕೈ ಹಿಂದೆ ಸರಿಯಲಿಲ್ಲ. ಸರಿಯುವ ಶಕ್ತಿ ಅದಕ್ಕೆ ಇರಲಿಲ್ಲ. ಮಧ್ಯಾಹ್ನ ಅಡವಿಯಪ್ಪ ತೀರಿಕೊಂಡರು. ಅವರಿಗೆ ಅರವತ್ತೊಂಬತ್ತು ವರ್ಷ.

ಪೊಲೀಸರ ಕೆಲಸ, ಶವಪರೀಕ್ಷೆ ಮುಗಿದು ಊರಿಗೆ ತಂದರು. ತೆಂಗಿನ ತೋಟದ ಮೂಲೆಯಲ್ಲಿ ಗುಂಡಿ ತೆಗೆದಿತ್ತು. ಲಿಂಗಾಯತರಲ್ಲಿ ಹೆಣವನ್ನು ಕೂರಿಸಿ ಮಣ್ಣು ಮಾಡುತ್ತಾರೆ, ಎಡ ಅಂಗೈಯಲ್ಲಿ ಲಿಂಗವನ್ನು ಇಡುತ್ತಾರೆ. ಕೂರಿಸಲು ಹಿರಿಮಗ ಒಳಗಿಳಿಯಲಿ ಎಂದು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಹೇಳಿದಾಗ ಉದಯಕುಮಾರ್ ಕದಲಲಿಲ್ಲ. ಮಾವನ ಕಡೆ ನೋಡಿದರು. ಅವರಿಗೆ ತಿಳಿದ ಮಟ್ಟಿಗೆ, ಸೇರಿದ್ದ ಅಷ್ಟು ಜನರಲ್ಲಿ ವಿಷಯ ಗೊತ್ತಿದ್ದದ್ದು, ಹೆಂಡತಿಯನ್ನು ಬಿಟ್ಟರೆ, ಮಹಾದೇವಯ್ಯನವರಿಗೆ ಮಾತ್ರ. ಅವರು ಪಕ್ಕದಲ್ಲಿದ್ದ ನೀರಿನ ಕೊಡ ಎತ್ತಿ ಅಳಿಯನ ತಲೆಯ ಮೇಲೆ ಸುರಿದರು. ಆಮೇಲೆ ಹೇಳಿದರು: “ಇಳಿ.”

ಅಪ್ಪನ ಹೆಸರಿನ ಶಿವಗಣಾರಾಧನೆ ಮುಗಿದ ಮೇಲೆ ಉದಯಕುಮಾರ್ ಕೆಲಸಕ್ಕೆ ಮರಳಿದರು. ಅಲ್ಲಿ ಹರ್ಷಿತಾಗೆ ನಡೆದದ್ದನ್ನೆಲ್ಲ ಹೇಳಿದರು. ಒಂದೆರಡು ದಿನ ಬಿಟ್ಟು ಹರ್ಷಿತಾ ತಡೆದು ತಡೆದು ಕೇಳಿದರು. “ತಪ್ಪು ತಿಳ್ಕೋಬೇಡಿ ಉದಯಣ್ಣ. ಆ ಕರಡಿಗೆ ಮನೇಲಿದ್ರೆ... ನೆಗ್ಗಿನ ಆಳದಿಂದ ಪೆಟ್ಟು ಎಷ್ಟಿತ್ತು ಅಂತ ತೆಗೀಬಹುದು. ಬೇಡ ಅನ್ಸಿದ್ರೆ ಬೇಡ.”

ಅದನ್ನು ಕೇಳಲು ಉದಯಕುಮಾರ್ ಗುಬ್ಬಿಗೆ ಹೋದರು. ಖಾಲಿ ಕರಡಿಗೆ ದೇವರ ಗೂಡಿನಲ್ಲಿತ್ತು. ಅದನ್ನು ಯಾರೂ ಸರಿ ಮಾಡಿಸಿರಲಿಲ್ಲ. ಗಂಗಾಂಬಿಕೆ ಅದನ್ನು ಸೆರಗಿನಲ್ಲಿ ಒರೆಸಿ ಮಗನ ಕೈಗೆ ಕೊಟ್ಟರು.

“ತಗೊಂಡೋಗು. ಕೆಲ್ಸ ಮುಗಿದ್ಮೇಲೆ ವಾಪಸ್ ತಂದ್ಕೊಡು.”

“ಅಮ್ಮ, ಅವತ್ತು ಅಪ್ಪಾಜಿ ಎದ್ದೋಗಿದ್ದು ನನ್ನಿಂದ.”

“ಹಂದಿ ವಿಷ್ಯಾನಾ? ಅವ್ರೇ ಹೇಳಿದ್ರು.”

“ಏನಂದ್ರು?”

“ಬೈದ್ರು. ಬೈಯ್ದೆ ಇರ್ತಾರಾ? ಕಂಪ್ಯೂಟರ್ ಅಂತ ಊರೆಲ್ಲ ಹೇಳ್ಕೊಂಡು ಬಂದೆ, ನೋಡೇ ನಿನ್ ಮಗ ಅಂದ್ರು.” ಗಂಗಾಂಬಿಕೆ ಗೂಡಿನ ದೀಪದ ಬತ್ತಿ ಸರಿಮಾಡಿದರು. “ಆದ್ರೆ ಅವ್ರು ಎದ್ದು ಬಂದಿದ್ದು ಅದ್ಕಲ್ಲ ಕಣೋ. ಮುಚ್ಚಳ ತೆಗೆಯೋರು ಅಲ್ಲಿ ಯಾರೂ ಇರ್ಲಿಲ್ಲ, ಪೂಜೆ ಹೊತ್ತಾಗ್ತಿತ್ತು, ಅದ್ಕೆ ಬಂದೆ ಅಂದ್ರು. ಕುಣಿಗಲ್ ಪೇಟೇಲಿ ಅಕ್ಕಸಾಲಿಗ್ರು ಇಲ್ವೇನೋ? ಒಬ್ರನ್ನ ಅಲ್ಲಿಗೇ ಕರ್ಕೊಂಡು ಬಂದಿದ್ರೆ ಆಗೋಗ್ತಿತ್ತು. ಒಂದ್ ಚೊಂಬು ನೀರಲ್ಲಿ ಪೂಜೆ ಮುಗಿಸ್ಕೊಂಡು ನೀನ್ ಹೇಳಿದ್ ಆಸ್ಪತ್ರೆಗೆ ಬರ್ತಿದ್ರು. ಅವ್ರೇನ್ ಹಠಮಾರಿ ಅಲ್ಲ.”

ನರ್ಸಿಂಗ್ ಹೋಮಿನಿಂದ ಪೇಟೆ ಬೀದಿ ನಡೆದು ಹೋಗುವಷ್ಟು ಹತ್ತಿರ. ಅಂದು ಬರುವಾಗ ಉದಯಕುಮಾರ್ ಅದೇ ಬೀದಿಯಲ್ಲಿ, ಬೆಳ್ಳಿ ಅಂಗಡಿಗಳ ಮುಂದೆಯೇ ಬೈಕ್ ಓಡಿಸಿಕೊಂಡು ಬಂದಿದ್ದರು.

“ಸಾಯಂಕಾಲ ಹಂಡೆಗೆ ನೀರ್ ತುಂಬ್ಸಿ ಒಲೆ ಹಚ್ಚು ಅಂದ್ರು,” ಎಂದು ಗಂಗಾಂಬಿಕೆ ಮುಂದುವರಿಸಿದರು. “ಅವ್ನು ಬತ್ತಾನೆ, ಮೈ ತೊಳ್ಕೊಂಡೇ ಒಳಕ್ ಬರ್ಲಿ ಅಂದ್ರು. ಅದ್ಕೇ ನಾನು ಫೋನಲ್ಲಿ ಕೇಳಿದ್ದು, ಬರಲ್ವಾ ಅಂತ. ನೀರು ಬೆಳಿಗ್ಗೆವರ್ಗೂ ಬೆಚ್ಚಗೇ ಇತ್ತು.”

ಹರ್ಷಿತಾ ನೆಗ್ಗನ್ನು ಅಳೆದರು. ಕಂಪ್ಯೂಟರಿನೊಳಗೆ ಒಂದು ಕರಡಿಗೆ ಮಾಡಿದರು. ಎದೆಯ ಮೂಳೆಗಳನ್ನು ಎಪ್ಪತ್ತರ ಹತ್ತಿರದವರ ಮೂಳೆಗಳಂತೆ ಪೆಡಸಾಗಿ, ಸುಲಭವಾಗಿ ಮುರಿಯುವಂತೆ ಬದಲಿಸಿದರು. ಕರಡಿಗೆಯನ್ನು ಆ ಎದೆಗೂ ಡ್ಯಾಶ್‌ಬೋರ್ಡಿಗೂ ನಡುವೆ ಇಟ್ಟು ಲೆಕ್ಕ ಓಡಿಸಿದರು. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುವ ಡಿಕ್ಕಿಯನ್ನು ಪರದೆ ನಿಧಾನವಾಗಿ ತೋರಿಸುತ್ತದೆ. ಎದೆಮೂಳೆ ಒಳಕ್ಕೆ ಬಾಗಿತು. ಎಡಗಡೆಯ ಎರಡು ಪಕ್ಕೆಲುಬು ಮುರಿದವು. ಪೆಟ್ಟು ಏರಿದಷ್ಟೂ ಬಣ್ಣ ಬದಲಾಗುವ ಶ್ವಾಸಕೋಶ ಹಳದಿಯಾಗಿ, ಕೇಸರಿಯಾಗಿ, ಕೆಂಪಾಯಿತು. ಬೆಲ್ಟನ್ನು ಎದೆಯ ಮೇಲೆ ಹಾಕಿ ಇನ್ನೊಮ್ಮೆ ಓಡಿಸಿದರು. ಈ ಸಲ ಪಕ್ಕೆಲುಬು ಒಂದು ಮುರಿಯಿತು, ಕೆಂಪು ಅಂಚಿನಲ್ಲೇ ಉಳಿಯಿತು.

“ಅವತ್ತೇ ತುಮಕೂರಿಗೆ ಕರ್ಕೊಂಡು ಬಂದು ಮೊದ್ಲೇ ಮಿಷಿನ್ ಹಾಕಿದ್ರೆ ಉಳೀತಿದ್ರಾ ಮೇಡಂ?” ಎಂದು ಉದಯಕುಮಾರ್ ಕೇಳಿದರು.

“ಅದು ಇದ್ರಲ್ಲಿ ಬರಲ್ಲ ಉದಯಣ್ಣ. ಪೆಟ್ಟು ಮುಗಿದ ಕೂಡ್ಲೇ ನನ್ನ ಲೆಕ್ಕ ನಿಲ್ಲುತ್ತೆ.” ಹರ್ಷಿತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಆಮೇಲಿಂದು ಕೊಟ್ಟಿಗೇಲೇ ನೋಡ್ಬೇಕು. ಅಲ್ಲೂ ಇರೋದೆಲ್ಲ ಎಳೇ ಹಂದಿ. ಮುದಿ ಶ್ವಾಸಕೋಶ ಹೇಗೆ ತಡ್ಕೊಳ್ಳುತ್ತೆ ಅಂತ ನಮ್ಮ ಹತ್ರ ಒಂದು ಅಂಕಿನೂ ಇಲ್ಲ.”

ವಯಸ್ಸಾದ ಪ್ರಾಣಿಗಳ ಮೇಲೆ ಪ್ರಯೋಗಕ್ಕೆ ಅನುಮತಿ ಬರಲು ಕೆಲವು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕರಡಿಗೆ ಗುಬ್ಬಿಯ ದೇವರ ಗೂಡಿಗೆ ಮರಳಿತ್ತು. ಊರ್ಡಿಗೆರೆಯ ಕಡೆ ಹಂದಿ ಸಾಕುವವರೊಬ್ಬರ ಹತ್ತಿರ ಮರಿ ಹಾಕುವುದು ನಿಲ್ಲಿಸಿದ ಹೆಣ್ಣುಹಂದಿಯೊಂದಿತ್ತು. ಉದಯಕುಮಾರ್ ಹೋಗಿ ನೋಡಿ ಅದನ್ನು ಗಾಡಿಗೆ ಹತ್ತಿಸಿಕೊಂಡು ಬಂದರು. ಅದು ಮಲಗಿದ್ದಲ್ಲಿಂದ ಏಳಲು ಮೊದಲು ಮುಂಗಾಲು ಊರಿ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ, ಆಮೇಲೆ ಹಿಂಭಾಗವನ್ನು ಎತ್ತುತ್ತದೆ. ಮೇವಿನ ಬಕೆಟ್ಟಿನ ಸದ್ದು ಕೇಳಿದರೆ ಕಂಬಿಯ ಹತ್ತಿರ ಬಂದು ನಿಲ್ಲುತ್ತದೆ. ಬೆಳಗಿನ ತಂಪಿನಲ್ಲಿ ಅದರ ಉಸಿರು ದೂರಕ್ಕೂ ಕೇಳುತ್ತದೆ.

ಉದಯಕುಮಾರ್ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿ ಕಟ್ಟಿಕೊಂಡು ಒಳಗಿಳಿಯುತ್ತಾರೆ. ಮೇವು ಹಾಕುತ್ತಾರೆ, ನೆಲ ತೊಳೆಯುತ್ತಾರೆ. ಅದು ತಿಂದು ಮುಗಿಸುವವರೆಗೆ ಅಲ್ಲೇ ನಿಂತು ಅದರ ಪಕ್ಕೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಾರೆ. ಬರುವ ಗುರುವಾರ ಅದರ ಸರದಿ.